ಮೂರನೆಯ ಕಂಬದ ಮಗ

ತಿನಾಯಜ್ಜಿಗೆ ಆ ಸುದ್ದಿ ಮುಟ್ಟಿಸಿದವನು ನಾನೇ. ನಮ್ಮ ಅಬಯಾಂಗ್ ದ್ವೀಪದ ಕೌನ್ಸಿಲ್ ಕಚೇರಿಯಲ್ಲಿ ನಾನು ಗುಮಾಸ್ತ. ರಾಜಧಾನಿ ತರಾವಾದಿಂದ ಬರುವ ಸುದ್ದಿಯೆಲ್ಲ ಮೊದಲು ನನ್ನ ಕಿವಿಗೆ ಬೀಳುತ್ತಿತ್ತು. ಆ ದಿನ ಫೋನು ಇಟ್ಟವನೇ ಸೈಕಲ್ ತುಳಿದುಕೊಂಡು ನಮ್ಮೂರು ಬಿಕೆನಾನೊಗೆ ಬಂದೆ. ಅಜ್ಜಿ ಎಲೆಕೋಸಿನ ಮಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹುಳ ಆರಿಸುತ್ತಿದ್ದಳು.

"ಅಜ್ಜೀ, ನಮ್ಮ ಸರ್ಕಾರ ತೈವಾನ್ ಜೊತೆ ಸಂಬಂಧ ಕಡ್ಕೊಂಡಿತಂತೆ. ಇನ್ಮೇಲೆ ಚೀನಾ ಕಡೆ."

"ಮತ್ತೆ ಆ ಕಡೆ ಹೋದ್ರಾ?" ಅಂದಳು, ತಲೆ ಎತ್ತದೆ. "ಹೋಗ್ಲಿ ಬಿಡು. ಯಾರು ಬಂದ್ರೂ ಎಳನೀರು ಕೆತ್ತಿ ಕೊಡೋರು ನಾವೇ ತಾನೆ."

ಇನ್ನೆರಡು ಹುಳ ಆರಿಸಿ ಕರಟಕ್ಕೆ ಹಾಕಿದಳು. ಮೂರನೆಯದಕ್ಕೆ ಚಾಚಿದ ಕೈ ಹಾಗೇ ನಿಂತಿತು.

"ರಿಮೊನ್, ಹಾಗಾದ್ರೆ ನನ್ನ ಮಗ?"

"ತೈವಾನಿನೋರೆಲ್ಲ ವಾರದೊಳಗೆ ಹೊರಡಬೇಕಂತೆ ಅಜ್ಜಿ. ಗುರುವಾರ ಬೆಳಿಗ್ಗೆ ದೋಣಿ ಬರುತ್ತೆ."

ಅಜ್ಜಿ ಕರಟವನ್ನು ಕೋಳಿಗಳ ಮುಂದೆ ಸುರಿದು ಎದ್ದು ನಿಂತಳು. ಸೊಂಟದ ಪಂಚೆ ಬಿಗಿದು ಕಟ್ಟಿದಳು. ಅವಳು ಹಾಗೆ ಪಂಚೆ ಬಿಗಿದಳೆಂದರೆ ಊರಿನ ಹಿರಿಯರಿಗೆ ತಲೆನೋವು ಶುರುವಾಯಿತೆಂದೇ ಅರ್ಥ.

ಅಜ್ಜಿಗೆ ಆಗ ಅರವತ್ತೆಂಟು. ಹುಟ್ಟಿದ್ದು ಬ್ರಿಟಿಷರ ಕಾಲದಲ್ಲಿ. ಶಾಲೆಯಲ್ಲಿ ರಾಣಿಯ ಪಟದ ಎದುರು ಕೈಕಟ್ಟಿ ನಿಂತು ಹಾಡಿದವಳು. ಸ್ವಾತಂತ್ರ್ಯ ಬಂದ ವರ್ಷ ತರಾವಾಕ್ಕೆ ಹೋಗಿ ಕುಣಿದು ಬಂದವಳು. ನಮ್ಮಲ್ಲಿ ಕೂತು ಕುಣಿಯುವ ಕುಣಿತವೊಂದಿದೆ. ಅದರಲ್ಲಿ ಕಾಲಿಗೆ ಕೆಲಸವಿಲ್ಲ, ಕೈ, ಕತ್ತು, ಕಣ್ಣುಗಳಲ್ಲೇ ಎಲ್ಲವನ್ನೂ ಹೇಳಬೇಕು. ಅಜ್ಜಿ ಎರಡು ಕೈ ಚಾಚಿ ಕತ್ತು ಒಂದಿಷ್ಟು ಕೊಂಕಿಸಿದರೆ ಕಡಲ ಹಕ್ಕಿಯೊಂದು ಗಾಳಿಯ ಮೇಲೆ ಕೂತ ಹಾಗೆ ಕಾಣುತ್ತಿತ್ತು. ಊರಿಗೆ ದೊಡ್ಡವರು ಯಾರು ಬಂದರೂ ಸ್ವಾಗತದ ಕುಣಿತ ಅವಳದೇ.

ರಷ್ಯಾದವರು ನಮ್ಮ ಕಡಲಲ್ಲಿ ಮೀನು ಹಿಡಿಯುತ್ತಾರಂತೆ ಎಂಬ ಸುದ್ದಿ ಬಂದಾಗ ನಾನಿನ್ನೂ ಹುಟ್ಟಿರಲಿಲ್ಲ. ಊರು ಎರಡು ಪಾಲಾಗಿತ್ತಂತೆ. ದೇವರನ್ನು ನಂಬದವರ ಸಹವಾಸ ಬೇಡವೆಂದು ಪಾದ್ರಿಗಳು ಭಾನುವಾರ ಗುಡುಗಿದರು. ಅಜ್ಜಿಯ ಗಂಡ ಇಯೊತೆಬಾ ಮೀನುಗಾರ, ಮಾತು ಕಡಿಮೆ. ಅವನು ಎದ್ದು ನಿಂತು, "ನಂಬೋರ ಬಲೆ ಯಾವ್ದು, ನಂಬದೋರ ಬಲೆ ಯಾವ್ದು ಅಂತ ಮೀನಿಗೆ ಗೊತ್ತಾಗುತ್ತಾ ಪಾದ್ರಿಗಳೇ?" ಎಂದು ಕೇಳಿ ಕೂತನಂತೆ. ಅಜ್ಜಿ ಮಾತ್ರ ರಷ್ಯಾದವರಿಗೆಂದು ಒಂದು ಸ್ವಾಗತದ ಹಾಡು ಕಟ್ಟಿ, ಹೆಂಗಸರಿಗೆಲ್ಲ ಕಲಿಸಿ, ಹೂವಿನ ಕಿರೀಟಕ್ಕೆ ಗಿಡ ಕೂಡ ಗುರುತು ಮಾಡಿಟ್ಟಿದ್ದಳು. ನಮ್ಮೂರಿಗೆ ಒಬ್ಬನೇ ಒಬ್ಬ ರಷ್ಯಾದವನೂ ಕಾಲಿಡಲಿಲ್ಲ. ವರ್ಷದಲ್ಲಿ ಒಪ್ಪಂದವೂ ಮುಗಿಯಿತು.

ಹಾಡು ಹಾಳಾಗಲಿಲ್ಲ. ಮುಂದೆ ಚೀನಾದವರು ಬಂದರು, ಅವರಿಗೆ ಹಾಡಿದಳು. ನಂತರ ಸರ್ಕಾರ ತೈವಾನ್ ಕಡೆ ಹೊರಳಿತು, ಅವರಿಗೂ ಹಾಡಿದಳು. ಹಾಡಿನಲ್ಲಿ ಬದಲಾಗುತ್ತಿದ್ದುದು ದೇಶದ ಹೆಸರೊಂದೇ. ಊರಿನ ಹಿರಿಯ ತೆಬಾವು ಅವಳನ್ನು ರೇಗಿಸುತ್ತಿದ್ದ: "ನಿನ್ನ ಹಾಡು ನಮ್ಮ ಸರ್ಕಾರಕ್ಕಿಂತ ಗಟ್ಟಿ ಕಣೇ. ಇಷ್ಟು ವರ್ಷ ಆದ್ರೂ ಪಕ್ಷ ಬದಲಾಯಿಸ್ಲಿಲ್ಲ."

ತೈವಾನ್ ಕಡೆಯಿಂದ ಬಂದವರಲ್ಲಿ ಒಬ್ಬ ಶಿಯೆ. ಕೃಷಿ ಕಲಿಸಲು ಬಂದ ಹುಡುಗ, ಆಗ ಅವನಿಗೆ ಇಪ್ಪತ್ತೇಳೋ ಎಂಟೋ ವರ್ಷ. ಮಣ್ಣೇ ಇಲ್ಲದ ನಮ್ಮ ದ್ವೀಪದ ಹವಳದ ಪುಡಿಯ ಮೇಲೆ ಎಲೆಕೋಸು ಬೆಳೆಯುತ್ತೇನೆ ಎಂದ. ಊರೆಲ್ಲ ನಕ್ಕಿತು. ಮೊದಲ ಸಲ ನಕ್ಕವರೇ ಸರಿ, ಸಸಿಗಳೆಲ್ಲ ಹಳದಿಯಾಗಿ ಮಲಗಿದವು. ಆದರೆ ಅದೇ ಊರಿನಲ್ಲಿ ಅಜ್ಜಿಯ ಕೆಸುವಿನ ಗುಂಡಿಯಲ್ಲಿ ಆಳೆತ್ತರದ ಎಲೆಗಳು ತೂಗುತ್ತಿದ್ದವು. ಒಂದೊಂದು ಗೆಡ್ಡೆಯೂ ಒಬ್ಬಾಳಿನ ಹೊರೆ. ಶಿಯೆ ಗುಂಡಿಯ ಅಂಚಿನಲ್ಲಿ ನಿಂತು ದಿನವೂ ನೋಡುತ್ತಿದ್ದ.

ಗುಂಡಿಗೆ ಗೊಬ್ಬರವಾಗಿ ಯಾವ ಎಲೆ, ಎಷ್ಟು ಪದರ, ಚಂದ್ರನ ಯಾವ ದಿನ ಎಂಬುದು ನಮ್ಮಲ್ಲಿ ಮನೆಮನೆಯ ಗುಟ್ಟು. ಹೆತ್ತ ಮಕ್ಕಳಿಗಲ್ಲದೆ ಇನ್ನೊಬ್ಬರಿಗೆ ಹೇಳುವಂತಿಲ್ಲ. ಅಜ್ಜಿಗೆ ಮಕ್ಕಳಿರಲಿಲ್ಲ. ಇಯೊತೆಬಾ ತೀರಿಕೊಂಡು ವರ್ಷವಾಗಿತ್ತು. ಗುಟ್ಟು ಅವಳ ಜೊತೆಗೇ ಮಣ್ಣಿಗೆ ಹೋಗುತ್ತದೆಂದು ಊರು ಮಾತಾಡಿಕೊಂಡಿತ್ತು.

ಒಂದು ಸಂಜೆ ಶಿಯೆ ನೇರವಾಗಿ ಅವಳ ಜಗಲಿಗೆ ಬಂದು, ಚಾಪೆಯ ಅಂಚಿನಲ್ಲಿ ಕಾಲು ಮಡಚಿ ಕೂತು, ಆಗತಾನೆ ಕಲಿತ ನಮ್ಮ ಭಾಷೆಯಲ್ಲಿ, "ನಾನು ಬುಬುತಿ ಕೇಳ್ತಿದ್ದೀನಿ. ನಿಮ್ಮ ಗುಂಡಿಗೆ ಏನು ಹಾಕ್ತೀರಿ ಹೇಳಿ" ಅಂದುಬಿಟ್ಟ.

ಬುಬುತಿ ಅಂದರೆ ಹಾಗೆ ಬಾಯಿಬಿಟ್ಟು ಕೇಳುವುದು. ಹಾಗೆ ಕೇಳಿದ್ದನ್ನು ಇಲ್ಲವೆನ್ನುವಂತಿಲ್ಲ. ಇಲ್ಲವೆಂದವನು ಊರಲ್ಲಿ ತಲೆಯೆತ್ತಿ ಓಡಾಡುವಂತಿಲ್ಲ. ಯಾರು ಹೇಳಿಕೊಟ್ಟಿದ್ದರೋ, ಆ ಮಾತಿನ ಭಾರ ಅವನಿಗೆ ಗೊತ್ತಿರಲಿಲ್ಲ.

ಅಜ್ಜಿ ಎರಡು ದಿನ ಮನೆಯಿಂದ ಹೊರಬರಲಿಲ್ಲ. ಮೂರನೆಯ ದಿನ ಅವನನ್ನು ಕೈಹಿಡಿದು ಮನೇಯಾಬಾಕ್ಕೆ ಕರೆತಂದಳು. ಮನೇಯಾಬಾ ನಮ್ಮ ಊರೊಟ್ಟಿನ ದೊಡ್ಡ ಚಾವಡಿ. ಗರಿ ಹೊದೆಸಿದ ಮಾಡು ತಲೆ ಬಗ್ಗಿಸಿಯೇ ಒಳಬರುವಷ್ಟು ಕೆಳಗೆ ಇಳಿದಿರುತ್ತದೆ. ಒಳಗೆ ಒಂದೊಂದು ಮನೆತನಕ್ಕೆ ಒಂದೊಂದು ಕಂಬ. ಆ ಕಂಬದಡಿಯಲ್ಲದೆ ಬೇರೆಡೆ ಕೂರುವ ಹಕ್ಕು ಯಾರಿಗೂ ಇಲ್ಲ. ಅಜ್ಜಿಯದು ಪಡುವಣ ಸಾಲಿನ ಮೂರನೆಯ ಕಂಬ. ಅಲ್ಲಿ ಅವನನ್ನು ಕೂರಿಸಿ ಹಿರಿಯರೆದುರು ಹೇಳಿದಳು:

"ಕೇಳಿದ್ದನ್ನ ಇಲ್ಲ ಅನ್ನೋ ಹಾಗಿಲ್ಲ. ಹೊರಗಿನೋರಿಗೆ ಹೇಳೋ ಹಾಗೂ ಇಲ್ಲ. ಅದಕ್ಕೇ ಇವನನ್ನ ಮಗನನ್ನಾಗಿ ಮಾಡ್ಕೊಂಡಿದ್ದೀನಿ. ಹೆಸರು ಕಬುನಾರೆ, ನನ್ನ ಅಪ್ಪನ ಹೆಸರು. ಯಾರದಾದ್ರೂ ತಕರಾರಿದ್ಯಾ?"

ತಕರಾರು ಯಾರದೂ ಇರಲಿಲ್ಲ. ತೆಬಾವು ಮಾತ್ರ, "ಹೆರಿಗೆ ನೋವು ಎರಡೇ ದಿನಕ್ಕೆ ಮುಗೀತು ನೋಡು" ಅಂದ. ಏನು ನಡೆಯಿತೆಂದು ಶಿಯೆಗೆ ಅರ್ಥವಾದದ್ದು ಒಂದು ವಾರದ ಮೇಲೆ. ಅರ್ಥವಾದ ದಿನ ಬಂದು ಅವಳ ಕಾಲ ಬಳಿ ಕೂತು ಅತ್ತ. ಅಜ್ಜಿ ಗದರಿದಳು: "ಅಳ್ಬೇಡ, ಏಳು. ಹಂದಿಗೆ ಮೇವು ಹಾಕು. ಮಗ ಅಂದ್ಮೇಲೆ ಕೆಲಸ ಇರುತ್ತೆ."

ಅದಾಗಿ ಹದಿನಾಲ್ಕು ವರ್ಷ. ಅವನ ಸಸಿಗೆ ಅವಳ ಗುಟ್ಟು ಸೇರಿ, ಬಿಕೆನಾನೊದ ಎಲೆಕೋಸು ತರಾವಾದ ಸಂತೆಯವರೆಗೆ ಹೆಸರಾಯಿತು. ಅವನ ಕಚೇರಿಯವರು ಎರಡು ಸಲ ಬೇರೆ ದೇಶಕ್ಕೆ ಕಳಿಸಿದರು, ಎರಡು ಸಲವೂ ಕೇಳಿಕೊಂಡು ವಾಪಸು ಬಂದ. ಅವನಿಗೆ ಇನ್ನೊಂದು ಹೆಸರಿದೆಯೆಂಬುದೇ ಊರಿಗೆ ಮರೆತುಹೋಗಿತ್ತು.

ಸುದ್ದಿ ಬಂದ ದಿನವೇ ಅಜ್ಜಿ ಹಿರಿಯರನ್ನು ಸೇರಿಸಿದಳು.

"ಗುರುವಾರ ನನ್ನ ಮಗ ಹೊರಡ್ತಾನೆ. ಬುಧವಾರ ಮನೇಯಾಬಾದಲ್ಲಿ ಅವನಿಗೆ ಬೀಳ್ಕೊಡುಗೆ ಆಗ್ಬೇಕು. ಅವನ ಕಂಬದಡಿಯಿಂದಲೇ ಎದ್ದು ಹೋಗ್ಬೇಕು."

ನಮ್ಮೂರಲ್ಲಿ ಹೊರಡುವ ಹಿಂದಿನ ದಿನ ಮನೇಯಾಬಾದಲ್ಲಿ ಊಟ ಮಾಡದೆ ದೋಣಿ ಹತ್ತಿದವನನ್ನು ಊರಿನ ಮೇಲೆ ಮುನಿಸಿಕೊಂಡು ಹೋದವನೆಂದೇ ತಿಳಿಯುತ್ತಾರೆ. ಅವನ ಜಾಗಕ್ಕೆ ಚಾಪೆ ಹಾಸುವುದನ್ನೂ ನಿಲ್ಲಿಸುತ್ತಾರೆ. ಅಜ್ಜಿಯ ಸಂಕಟ ಅದೇ.

ತೆಬಾವು ಗಡ್ಡ ಕೆರೆದುಕೊಂಡ. ಪ್ರಾಯದಲ್ಲಿ ಜರ್ಮನಿಯ ಹಡಗುಗಳಲ್ಲಿ ದುಡಿದು ಜಗತ್ತೆಲ್ಲ ಸುತ್ತಿದವನು, ಆದರೂ ತಿನಾಯಜ್ಜಿಯ ಎದುರು ಅವನ ಮಾತು ತೊದಲುತ್ತಿತ್ತು.

"ಬುಧವಾರ ಹೊಸ ಕಡೆಯೋರು ಬರ್ತಾರಲ್ಲ ತಿನಾಯ್. ದೋಣಿಕಟ್ಟೆಗೆ ಜಾಗ ನೋಡೋಕೆ. ಅವರಿಗೆ ಸ್ವಾಗತದ ಊಟ ಅಲ್ಲೇ. ಇದೋ ನಮ್ಮ ಗುಮಾಸ್ತನ್ನೇ ಕೇಳು."

ತರಾವಾದವರು ಫೋನಿನಲ್ಲಿ ಹೇಳಿದ್ದನ್ನು ಬರೆದುಕೊಂಡಿದ್ದ ಕಾಗದ ತೆಗೆದು ಓದಿದೆ. ಸ್ವಾಗತದ ದಿನ ಹಳೆಯ ಕಡೆಯ, ಅಂದರೆ ತೈವಾನಿನ, ಬಾವುಟ, ಫಲಕ ಯಾವುದೂ ಕಾಣಬಾರದು. ಹಳೆಯ ಕಡೆಯವರು ಯಾರೂ ಹಾಜರಿರಬಾರದು. ಭಾಗವಹಿಸುವವರ ಪಟ್ಟಿ ಮಂಗಳವಾರವೇ ತಲುಪಬೇಕು.

"ಹಾಗಾದ್ರೆ ನಾನು ಬುಬುತಿ ಕೇಳ್ತೀನಿ. ಬುಧವಾರದ ಮನೇಯಾಬಾ ಕೊಡು."

"ಅದು ನನ್ನ ಸೊತ್ತಾ? ನನ್ನ ಹಲ್ಲು ಸೆಟ್ಟು ಕೇಳು, ಈಗಲೇ ಬಿಚ್ಚಿ ಕೊಡ್ತೀನಿ. ಊರೋರ ಮನೇಯಾಬಾ ನಾನ್ ಹೆಂಗೆ ಕೊಡ್ಲಿ?"

"ನಿನ್ನ ಹಲ್ಲು ಯಾರಿಗೆ ಬೇಕು, ಥೂ!"

ಎಲ್ಲರೂ ನಕ್ಕರು. ಅಜ್ಜಿ ನಗಲಿಲ್ಲ. ಎದ್ದು ಹೋದವಳು ಮಾಡಿನ ಅಂಚಿನಲ್ಲಿ ತಿರುಗಿ, "ಸ್ವಾಗತಕ್ಕೆ ನಾನೇ ಕುಣೀತೀನಿ, ಹೆದರ್ಬೇಡಿ. ಬರೋರು ತಪ್ಪೇನೂ ಮಾಡಿಲ್ಲ" ಅಂದಳು. ಆ ಮಾತು ನಮ್ಮೆಲ್ಲರನ್ನೂ ಚುಚ್ಚಿತು.

ಪಟ್ಟಿ ಮಾಡಿದವನು ನಾನು. ಊರಿನ ಊಟಕ್ಕೆ ನಮ್ಮಲ್ಲಿ ಪಟ್ಟಿ ಮಾಡುವ ಕ್ರಮವೊಂದೇ, ಕಂಬದ ಲೆಕ್ಕದಲ್ಲಿ. ಯಾವ ಕಂಬದಿಂದ ಯಾರು ಏನು ತರುತ್ತಾರೆಂದು ಬರೆಯಬೇಕು. ತೆಬಾವು ಚಾಪೆಯ ಮೇಲೆ ಒರಗಿ ಹೇಳುತ್ತ ಹೋದ, ನಾನು ಬರೆಯುತ್ತ ಹೋದೆ. ಮೂಡಣ ಮೊದಲ ಕಂಬದಿಂದ ಹಂದಿ. ಎರಡನೆಯದರಿಂದ ಸುಟ್ಟ ಮೀನು. ಹೀಗೆ ನಲವತ್ತೊಂದು ಹೆಸರು. ಐವರು ಹಿರಿಯರು ಓದಿಸಿ ಕೇಳಿದರು, ತಲೆಯಾಡಿಸಿದರು. ಮಂಗಳವಾರ ತರಾವಾದ ಅಧಿಕಾರಿಗೆ ಫೋನಿನಲ್ಲಿ ಒಂದೊಂದಾಗಿ ಓದಿ ಹೇಳಿದೆ.

"ಹಳೇ ಕಡೆಯೋರು ಯಾರೂ ಇಲ್ಲ ತಾನೆ?"

"ಯಾರೂ ಇಲ್ಲ ಸಾರ್. ಎಲ್ಲ ನಮ್ಮೂರೋರೇ."

ಇಂದಿಗೂ ಆಣೆ ಮಾಡಿ ಹೇಳುತ್ತೇನೆ, ನಾನು ಸುಳ್ಳು ಹೇಳಲಿಲ್ಲ.

ಬುಧವಾರ ಮಧ್ಯಾಹ್ನ ಒಳಗಡಲು ಕನ್ನಡಿಯ ಹಾಗಿತ್ತು. ಅಧಿಕಾರಿಯ ಜೊತೆ ಮೂವರು ಅತಿಥಿಗಳು ದೋಣಿ ಇಳಿದರು. ಅವರ ಮುಖ್ಯಸ್ಥೆ ಷು ಎಂಬ ಎಂಜಿನಿಯರ್, ನಲವತ್ತು ದಾಟಿದ ಹೆಂಗಸು. ಮಾಡಿನಡಿ ಬಗ್ಗುವುದನ್ನು ಮರೆತು ಹಣೆ ಬಡಿಸಿಕೊಂಡು, ತಾನೇ ಮೊದಲು ನಕ್ಕಳು. ಅದು ಊರಿಗೆ ಹಿಡಿಸಿತು. ತಲೆಗೆ ಹೂವಿನ ಕಿರೀಟ ಇಟ್ಟು, ಎಳನೀರು ಕೊಟ್ಟು, ಅತಿಥಿಗಳ ಕಂಬದಡಿ ಕೂರಿಸಿದೆವು.

ತೆಬಾವು ಪಟ್ಟಿ ಹಿಡಿದು ಕಂಬಗಳನ್ನು ಕೂಗತೊಡಗಿದ. ಕೂಗಿದ ಮನೆಯವರು ಎದ್ದು ತಮ್ಮ ಪಾಲಿನ ಊಟ ತಂದು ಅತಿಥಿಗಳ ಮುಂದಿಡುವುದು ಕ್ರಮ. ಹಂದಿ ಬಂತು. ಮೀನು ಬಂತು. ನೀರಾ ಕಾಯಿಸಿದ ಜೋನಿಬೆಲ್ಲ ಬಂತು.

"ಪಡುವಣ ಮೂರನೇ ಕಂಬ! ತಿನಾಯ್‌ಳ ಮಗ ಕಬುನಾರೆ! ಕೆಸುವಿನ ಗೆಡ್ಡೆ ಒಂದು, ಎಲೆಕೋಸು ಇಪ್ಪತ್ತು!"

ಅವನು ಎದ್ದ. ಸೊಂಟಕ್ಕೆ ಸುತ್ತಿದ ಕೇದಗೆ ಎಲೆಯ ಚಾಪೆ, ತಲೆಗೆ ಹೂವು, ಹೆಗಲ ಮೇಲೆ ಗೆಡ್ಡೆ. ಎಲ್ಲ ಸಲದ ಹಾಗೆ ಅತಿಥಿಗಳ ಕಡೆ ನಡೆದ. ಅವನು ನಡುವಿನವರೆಗೆ ಬಂದ ಮೇಲೆ, ಫೋನಿನಲ್ಲಿ ಅಧಿಕಾರಿ ಕೇಳಿದ್ದ ಪ್ರಶ್ನೆ ನನಗೆ ನೆನಪಾಯಿತು. ಅಧಿಕಾರಿಯ ಕೈಯಲ್ಲಿದ್ದ ಎಳನೀರು ಅಂಗಿಯ ಮೇಲೆ ಚೆಲ್ಲಿತು.

"ಏನ್ರೀ ಇದು?" ಅವನು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ. "ಹಳೇ ಕಡೆಯೋನು ಇಲ್ಲಿ ಹೇಗೆ ಬಂದ?"

"ಯಾರು? ಎಲ್ಲಿ?" ತೆಬಾವು ನಿಜವಾಗಿ ಹಿಂದೆ ಮುಂದೆ ನೋಡಿದ.

"ಅವನೇ! ಗೆಡ್ಡೆ ಹೊತ್ತವನು!"

"ಅವನು ನಮ್ಮ ಕಬುನಾರೆ ಅಲ್ವಾ..." ತೆಬಾವುವಿನ ಬಾಯಿ ಹಾಗೇ ತೆರೆದುಕೊಂಡಿತು. ಕೈ ಹಣೆಗೆ ಹೋಯಿತು. "ಅಯ್ಯಯ್ಯೋ! ಹೌದಲ್ಲ! ಅವನು ತೈವಾನಿನೋನು!"

"ನಿಮಗೆ ಈಗ ನೆನಪಾಯ್ತಾ?"

"ಈಗಲೇ ಸ್ವಾಮಿ, ದೇವರಾಣೆ. ರಿಮೊನ್, ನಿನಗೆ ನೆನಪಿತ್ತೇನೋ?"

"ಇಲ್ಲ ತಾತ," ಅಂದೆ.

ಪಕ್ಕದ ಕಂಬದಿಂದ ಯಾರೋ ಕಿಸಕ್ಕೆಂದರು. ಅದು ಇನ್ನೊಂದು ಕಂಬಕ್ಕೆ ಹಬ್ಬಿತು. ಹಿರಿಯರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು, ಐವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಇಡೀ ಮನೇಯಾಬಾ ನಗೆಯಲ್ಲಿ ಅದುರಿತು.

"ಕೂರಿಸ್ರೀ ಅವನನ್ನ," ಅಂದ ಅಧಿಕಾರಿ.

ತೆಬಾವು ನಗು ನಿಲ್ಲಿಸಿದ. "ಅದಾಗಲ್ಲ ಸ್ವಾಮಿ. ಹೆಸರು ಕೂಗಿ ಆಯ್ತು. ಮನೇಯಾಬಾದಲ್ಲಿ ಕೂಗಿದ ಹೆಸರನ್ನ ವಾಪಸ್ ತಗೊಳ್ಳೋಕೆ ನಮ್ಮಪ್ಪನಿಗೂ ಆಗಲ್ಲ. ಪಟ್ಟಿ ನೀವೂ ಒಪ್ಪಿದ್ದೀರಿ."

ಅಷ್ಟರಲ್ಲಿ ಕಬುನಾರೆ ಗೆಡ್ಡೆಯನ್ನು ಷು ಮುಂದೆ ಇಳಿಸಿ, ಹುಡುಗರು ಹಿಂದೆ ಹೊತ್ತು ತಂದ ಎಲೆಕೋಸಿನ ಬುಟ್ಟಿ ಇಡಿಸಿ, ಕಾಲು ಮಡಚಿ ಕೂತಿದ್ದ. ಷು ಎಲೆಕೋಸೊಂದನ್ನು ಎತ್ತಿ ತಿರುಗಿಸಿ ನೋಡಿ, ತನ್ನ ಭಾಷೆಯಲ್ಲಿ ಏನೋ ಗೊಣಗಿದಳು. ಅವನು ಅದೇ ಭಾಷೆಯಲ್ಲಿ ಉತ್ತರಿಸಿದ. ಷು ಕಣ್ಣರಳಿಸಿ ಇನ್ನೇನೋ ಕೇಳಿದಳು. ಅವಳು ಚೀನಾದಲ್ಲಿ ತೈವಾನಿಗೆ ಎದುರಾದ ಕಡಲ ದಂಡೆಯವಳಂತೆ, ಅವಳ ಮನೆಮಾತೂ ಅವನ ಮನೆಮಾತೂ ಒಂದೇ ಅಂತೆ. ಇಬ್ಬರೂ ಎಲೆಕೋಸು ಹಿಡಿದುಕೊಂಡು ಗಡಗಡ ಮಾತಿಗೆ ಬಿದ್ದರು.

"ಏನಂತಾಳೋ?" ಅಜ್ಜಿ ತನ್ನ ಕಂಬದಿಂದಲೇ ಕೂಗಿದಳು.

"ಇದನ್ನ ಅವರಜ್ಜಿ ಒಣಸೀಗಡಿ ಹಾಕಿ ಮಾಡ್ತಿದ್ರಂತೆ ಅಮ್ಮ!"

"ಒಣಸೀಗಡೀನಾ? ಜೋನಿಬೆಲ್ಲ ಹಾಕಿ ತಿನ್ನೋಕೆ ಹೇಳು!"

ಅವನು ಹೇಳಿದ. ಷು ಮುಖ ಕಿವುಚಿದಳು. ಮತ್ತೆ ನಗೆ ಎದ್ದಿತು.

ಅಜ್ಜಿ ಕುಣಿಯಲು ನಡುವೆ ಬಂದು ಕೂತಳು. ಸ್ವಾಗತದ ಹಾಡು ಮೊದಲು. ದೇಶದ ಹೆಸರು ಬರುವಲ್ಲಿ ಹಿಂದಿನ ಸಾಲಿನ ಇಬ್ಬರು ಹೆಂಗಸರು ಅಭ್ಯಾಸಬಲದಿಂದ "ತೈವಾನ್" ಅಂದೇಬಿಟ್ಟರು. ಅಧಿಕಾರಿ ಕಣ್ಣು ಮುಚ್ಚಿದ. ಹಾಡು ಮುಗಿಯಿತು.

ಅತಿಥಿಗಳ ಸ್ವಾಗತದ ಕುಣಿತವಾದ ಮೇಲೆ ಒಂದೊಂದು ಕಂಬಕ್ಕೆ ತನ್ನಿಷ್ಟದ ಒಂದು ಕುಣಿತದ ಹಕ್ಕಿದೆ. ಮೂರನೆಯ ಕಂಬದ ಸರದಿ ಬಂದಾಗ ಅಜ್ಜಿ ಹೆಂಗಸರ ಕಡೆ ಕತ್ತು ತಿರುಗಿಸಿ ಒಂದು ಸಾಲು ಎತ್ತಿಕೊಟ್ಟಳು. ಕಡಲಿಗೆ ಹೋಗುವ ಮಗನನ್ನು ಕಳಿಸುವ ಹಾಡು. ಮರುಕ್ಷಣವೇ ಎಲ್ಲ ಕಂಬಗಳೂ ದನಿಗೂಡಿಸಿದವು. ಅಜ್ಜಿಯ ಎರಡು ಕೈ ಮೇಲೆದ್ದವು, ಬೆರಳು ನಡುಗಿದವು, ಹಕ್ಕಿ ಗಾಳಿಗೇರಿತು. ಕಬುನಾರೆ ತನ್ನ ಕಂಬಕ್ಕೆ ಬೆನ್ನು ಕೊಟ್ಟು ಕೂತು, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದ.

ಚೆನ್ನಾಗಿ ಕುಣಿದವರ ಕತ್ತಿಗೆ ಪೌಡರ್ ಹಚ್ಚಿ, ಸೆಂಟು ಚಿಮುಕಿಸುವುದು ನಮ್ಮಲ್ಲಿ ಮೆಚ್ಚುಗೆ. ಡಬ್ಬಿ ಕೈಯಿಂದ ಕೈಗೆ ಹೋಗಿ ಷು ಹತ್ತಿರ ಬಂತು. ಅವಳು ಬೇರೆಯವರನ್ನು ನೋಡಿ ಕಲಿತು, ಎದ್ದು ಬಂದು ಅಜ್ಜಿಯ ಕತ್ತಿಗೆ ಹಚ್ಚಿದಳು. ಆಮೇಲೆ ಕಬುನಾರೆಯತ್ತ ನೋಡಿ ಒಂದು ಕ್ಷಣ ನಿಂತಳು. ಏನು ಹಾಡು, ಯಾರಿಗೆ ಎಂದು ಅವಳಿಗೆ ತಿಳಿದಿತ್ತೆಂದೇ ನನ್ನ ನಂಬಿಕೆ. ನೇರ ಹೋಗಿ ಅವನ ಕತ್ತಿಗೂ ಧಾರಾಳವಾಗಿ ಪೌಡರ್ ಸುರಿದಳು.

ನಾವೆಲ್ಲ ಅಧಿಕಾರಿಯತ್ತ ನೋಡಿದೆವು. ಅವನು ಅಂಗೈಯಿಂದ ಎರಡೂ ಕಣ್ಣು ಮುಚ್ಚಿಕೊಂಡು ಕೂತಿದ್ದ.

"ಏನಾಯ್ತು ಸ್ವಾಮಿ?" ತೆಬಾವು ಕೇಳಿದ.

"ಕಣ್ಣಿಗೆ ಪೌಡರ್ ಬಿದ್ದಿದೆ. ನನಗೇನೂ ಕಾಣ್ತಿಲ್ಲ. ನೀವು ಮುಂದುವರಿಸಿ."

ಅವನ ಹತ್ತಿರ ಯಾರೂ ಡಬ್ಬಿ ತಂದೇ ಇರಲಿಲ್ಲ. ಕೂಡಲೇ ಊರಿನ ಹೆಂಗಸರು ನಾಲ್ಕು ಜನ ಡಬ್ಬಿ ಹಿಡಿದು ಬಂದು ಅವನ ಮಾತನ್ನು ನಿಜ ಮಾಡಿದರು. ಆಮೇಲೆ ಅವನೂ ಕುಣಿದ.

ಗುರುವಾರ ಬೆಳಿಗ್ಗೆ ದೋಣಿ ಬಂತು. ಅಳುವುದು ಅಷ್ಟೇನೂ ಇರಲಿಲ್ಲ, ಅದು ಹಿಂದಿನ ದಿನವೇ ಮುಗಿದಿತ್ತು. ತೆಬಾವು ಅವನ ಕೈ ಹಿಡಿದು, "ನಿನ್ನ ಚಾಪೆ ಹಾಸಿಯೇ ಇರುತ್ತೆ ಕಣಪ್ಪ. ಸರ್ಕಾರ ಇನ್ನೊಂದು ಸಲ ಹೊರಳೋವರೆಗೂ ಕಾಯ್ಬೇಡ, ಸುಮ್ನೆ ಬಂದ್ಬಿಡು" ಅಂದ. ಅಜ್ಜಿ ಅವನ ಚೀಲಕ್ಕೆ ಜೋನಿಬೆಲ್ಲದ ಬಾಟಲಿ ತುರುಕಿ, ಮುಚ್ಚಳ ಸರಿಯಾಗಿ ಹಾಕಿಲ್ಲವೆಂದು ಬೈದು, ನೀರಿಗಿಳಿದು ದೋಣಿಯನ್ನು ತಾನೇ ಒಂದು ಕೈ ತಳ್ಳಿದಳು. ಅದು ಚುಕ್ಕಿಯಾಗುವವರೆಗೆ ಸೊಂಟದುದ್ದ ನೀರಿನಲ್ಲೇ ನಿಂತಿದ್ದಳು.

ಅವಳನ್ನು ಮನೆಗೆ ಬಿಡಲು ನಾನು ಜೊತೆಗೆ ಹೋದೆ. ದೋಣಿಕಟ್ಟೆಯ ಕೆಲಸಕ್ಕೆಂದು ಊರಲ್ಲೇ ಉಳಿದಿದ್ದ ಷು ಕೆಸುವಿನ ಗುಂಡಿಯ ಅಂಚಿನಲ್ಲಿ ನಿಂತಿದ್ದಳು. ಹಣೆಯಲ್ಲಿ ನಿನ್ನೆಯ ಬುಗುಟು, ಕೈಯಲ್ಲಿ ಚಿಕ್ಕ ಪುಸ್ತಕ. ಪುಸ್ತಕದಲ್ಲಿ ಯಾರೋ ಬರೆದುಕೊಟ್ಟಿದ್ದ ನಮ್ಮ ಮಾತನ್ನು ಅವಳು ತಡವರಿಸುತ್ತ ಓದಿದಳು:

"ನಾನು... ಬುಬುತಿ... ಕೇಳ್ತಿದ್ದೀನಿ. ಈ ಗುಂಡಿಗೆ..."

"ಮುಚ್ಚು ಬಾಯಿ!" ಅಜ್ಜಿ ಕಿರುಚಿದಳು. "ರಿಮೊನ್, ಯಾರೋ ಇವಳಿಗೆ ಇದನ್ನ ಬರ್ಕೊಟ್ಟಿದ್ದು?"

ಅಕ್ಷರ ಕಬುನಾರೆಯದು. ನಾನು ಅದನ್ನು ಗುರುತಿಸಿದೆ, ಅಜ್ಜಿಯೂ ಗುರುತಿಸಿದಳು. ಅವಳು ಕಡಲ ಕಡೆ ತಿರುಗಿ ಚುಕ್ಕಿಯೂ ಕಾಣದ ದೋಣಿಗೆ ಕೈಯೆತ್ತಿ ಬೈಯತೊಡಗಿದಳು. ಬೈಯುತ್ತ ಬೈಯುತ್ತ ನಗು ತಡೆಯಲಾರದೆ ಗುಂಡಿಯ ಅಂಚಿನಲ್ಲಿ ಕೂತುಬಿಟ್ಟಳು.

"ಈ ವಯಸ್ಸಲ್ಲಿ ಇನ್ನೊಂದು ಹೆರಿಗೆ ನೋಡು ನಂಗೆ!" ಅಂದಳು ಕೊನೆಗೆ. ಸೆರಗಿಲ್ಲದ ಕುಪ್ಪಸದ ತೋಳಿನಲ್ಲಿ ಮುಖ ಒರೆಸಿಕೊಂಡು, ಪಂಚೆ ಬಿಗಿದು ಕಟ್ಟಿ, ಷು ಕೈಗೆ ಖಾಲಿ ಬುಟ್ಟಿಯೊಂದನ್ನು ಕೊಟ್ಟಳು. "ಹೋಗು, ಮೊದಲು ಹಂದಿಗೆ ಮೇವು ಹಾಕು. ಎರಡು ದಿನ ಬಿಟ್ಟು ಮನೇಯಾಬಾಕ್ಕೆ ಬಾ."